ಶಂಕ್ರೆಪ್ಪ ಹೇಳಿದ್ದು

ಮಹಾಪೆಯ ಕಾರ್ಖಾನೆಗಳ ಸಾಲು ಮುಗಿದು ಗುಡ್ಡ ಶುರುವಾಗುವ ಕಡೆ ತಗಡಿನ ಜೋಪಡಿಗಳ ಒಂದು ವಸ್ತಿ ಇದೆ. ಅಲ್ಲಿಗೆ ದವಾಖಾನೆ ಬಂದದ್ದು ಲಾರಿಯ ಮೇಲೆ. ಬಿಳಿ ಬಣ್ಣದ ತಗಡಿನ ಕ್ಯಾಬಿನ್ ಅದು. ಕ್ರೇನ್ ಅದನ್ನು ಎತ್ತಿ ಸಮಾಜಮಂದಿರದ ಪಕ್ಕದ ಖಾಲಿ ಜಾಗದಲ್ಲಿ ಇಳಿಸುವಾಗ, ಆ ದಿನ ಕೆಲಸಕ್ಕೆ ಹೋಗದೆ ಉಳಿದವರೆಲ್ಲ ನಿಂತು ನೋಡಿದರು. ಬಡವರ ವಸ್ತಿಗೊಂದು ದವಾಖಾನೆ, ತಲೆಗೊಂದು ಹೆಲ್ತ್ ಕಾರ್ಡ್, ಕಾರ್ಡ್ ಇದ್ದವರಿಗೆ ದೊಡ್ಡ ಆಸ್ಪತ್ರೆಯಲ್ಲೂ ಪುಕ್ಕಟೆ ಇಲಾಜು. ಸರಕಾರದ ಹೊಸ ಯೋಜನೆ ಇದು ಎಂದು ಕ್ಯಾಬಿನ್ನಿನ ಗೋಡೆಯ ಮೇಲೆ ಮರಾಠಿಯಲ್ಲೂ ಹಿಂದಿಯಲ್ಲೂ ಬರೆದಿತ್ತು. ವಸ್ತಿಯ ಅರ್ಧ ಜನ ಕಲಬುರಗಿ, ವಿಜಯಪುರ, ರಾಯಚೂರಿನ ಕಡೆಯವರು. ಅದನ್ನು ಓದಿದವರು ಕಡಿಮೆ.

ಶಂಕ್ರೆಪ್ಪನಿಗೆ ಅದು ಮೊದಲ ದಿನವೇ ಸರಿ ಕಾಣಲಿಲ್ಲ.

ಅವನು ಅಫಜಲಪುರ ತಾಲೂಕಿನವನು. ತುರ್ಭೆಯ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲ ಇಳಿಸುವ ಹಮಾಲರ ಒಂದು ಟೋಳಿಗೆ ಮುಕಾದಮ, ಅವರ ಮುಖಂಡ. ಲಾರಿಗಳ ಗದ್ದಲದ ನಡುವೆ ಕೂಗಿ ಕೂಗಿ ಪಳಗಿದ ದೊಡ್ಡ ದನಿ. ವಸ್ತಿಗೆ ನಲ್ಲಿ ನೀರು ಬಂದದ್ದು ಅವನ ಓಡಾಟದಿಂದ. ಆ ಒಂದು ನಲ್ಲಿಗಾಗಿ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದ್ದೆನೆಂಬುದು ಅವನಿಗೆ ಚೆನ್ನಾಗಿ ನೆನಪಿತ್ತು. ಬೇಡಿದ ನೀರಿಗೆ ವರ್ಷಗಟ್ಟಲೆ ಕಾಯಿಸಿದವರು, ಯಾರೂ ಬೇಡದ ದವಾಖಾನೆಯನ್ನು ತಾವಾಗಿ ತಂದು ಇಳಿಸುತ್ತಿದ್ದಾರೆ.

"ಕೇಳಲಾರದೆ ಬಂದದ ಅಂದ್ರ ಏನರ ಒಂದು ಇರ್ತದ," ಎಂದು ಅವನು ಪಕ್ಕದ ಮನೆಯ ಮಹಾದೇವಪ್ಪನಿಗೆ ಹೇಳಿದ.

ಅವನ ಸಂಶಯಕ್ಕೆ ಕಾರಣ ಇಲ್ಲದಿರಲಿಲ್ಲ. ಮಗ ಭೀಮು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಕೆಲವರು ವಸ್ತಿಗೆ ಬಂದಿದ್ದರು. ಯಾರಿಗೆ ಕೆಮ್ಮಿದೆ, ಯಾರಿಗೆ ಜ್ವರ ಬಂದಿತ್ತು ಎಂದು ವಿಚಾರಿಸಿ, ಮನೆಯವರ ಹೆಸರು ಬರೆದುಕೊಂಡು, ತಲೆ ಎಣಿಸಿ, ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ನಂಬರು ಬರೆದು ಹೋದರು. ಹೆಂಡತಿ ಸುಲೋಚನಾ ಅವರಿಗೆ ಚಹಾ ಮಾಡಿ ಕೊಟ್ಟಿದ್ದಳು. ಮಳೆಗಾಲ ಮುಗಿಯುತ್ತಲೇ ಬುಲ್ಡೋಜರ್ ಬಂತು. ನಂಬರು ಬರೆದವರಿಗೂ ಮನೆ ಕೆಡವಿದವರಿಗೂ ಸಂಬಂಧವಿತ್ತೋ ಇಲ್ಲವೋ ಯಾರೂ ಹೇಳಲಿಲ್ಲ. ಯಾರನ್ನು ಕೇಳಬೇಕೆಂದೂ ತಿಳಿಯಲಿಲ್ಲ. ಶಂಕ್ರೆಪ್ಪ ಮತ್ತೆ ತಗಡು ತಂದು, ಇನ್ನಷ್ಟು ಮೇಲಕ್ಕೆ, ಗುಡ್ಡದ ಕಲ್ಲಿನ ಮೇಲೆ ಮನೆ ಕಟ್ಟಿದ. ಅಂದಿನಿಂದ ಯಾರಾದರೂ ಹೆಸರು ಕೇಳಿದರೆ, ಯಾಕೆ ಎಂದು ಮೊದಲು ಕೇಳುವುದು ಅವನಿಗೆ ರೂಢಿಯಾಯಿತು.

ಸುಲೋಚನಾ ಮಾತ್ರ ದವಾಖಾನೆಗೆ ಹೋದಳು. ಅವಳು ಮಹಾಪೆಯ ಒಂದು ಐಟಿ ಕಂಪನಿಯ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕಿದ್ದಳು. ತಲೆನೋವು ಹಳೆಯದು. ನೆಲ ಒರೆಸಲು ಬಗ್ಗಿ ಎದ್ದರೆ ಕಣ್ಣಿಗೆ ಕತ್ತಲು ಬರುವುದು ಹೊಸದು. ಒಂದು ಸಂಜೆ ಕೆಲಸದಿಂದ ಬರುತ್ತ, ಕ್ಯಾಬಿನ್ನಿನ ಬಾಗಿಲು ತೆರೆದಿದ್ದು ನೋಡಿ ಒಳಗೆ ಹೋದಳು.

ಒಳಗಿದ್ದ ಡಾಕ್ಟರ್ ರಮಿತಾ ನೆರೂಳದಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ತುಳು, ಹೊರಗೆ ಹಿಂದಿ ಮರಾಠಿ. ಕನ್ನಡ ಬರುತ್ತದೆ ಎಂದು ಅರ್ಜಿಯಲ್ಲಿ ಬರೆದಿದ್ದಕ್ಕೇ ಅವಳನ್ನು ಈ ವಸ್ತಿಗೆ ಹಾಕಿದ್ದರು. ಅವಳು ಬಿಪಿ ನೋಡಿದಳು. ಪಟ್ಟಿ ಬಿಚ್ಚಿ, ಇನ್ನೊಂದು ತೋಳಿಗೆ ಕಟ್ಟಿ, ಮತ್ತೆ ನೋಡಿದಳು.

"ಇಷ್ಟು ಬಿಪಿ ಇಟ್ಕೊಂಡು ನೀವು ಕೆಲಸಕ್ಕೆ ಹೋಗ್ತಾ ಇದ್ದೀರಾ ಅಮ್ಮ? ಈ ಮಾತ್ರೆ ದಿನಾ ಬೆಳಿಗ್ಗೆ ಒಂದು. ತಲೆನೋವು ಹೋಯ್ತು ಅಂತ ಬಿಡ್ಲಿಕ್ಕೆ ಇಲ್ಲ."

"ಬಿಡ್ಲಿಕ್ಕೆ ಇಲ್ಲ ಅಂದ್ರರೀ?"

"ಬಿಡಬಾರದು. ನನ್ನ ಕನ್ನಡ ಸ್ವಲ್ಪ ಆ ಕಡೆಯದ್ದು," ಎಂದು ರಮಿತಾ ನಕ್ಕಳು. ಸುಲೋಚನಾಳಿಗೂ ನಗು ಬಂತು.

ಮನೆಗೆ ಬಂದು ಗಂಡನಿಗೆ ಹೇಳಿದಳು. "ಡಾಕ್ಟರ್ ಬಾಯಿ ಕನ್ನಡದಾಕಿನೇ ಅದಾಳ್ರಿ. ಛಲೋ ಮಾತಾಡಿಸ್ತಾಳ."

"ಹೆಬ್ಬಟ್ಟು ಒತ್ತಿಸ್ಕೊಂಡ್ಲೇನು?"

"ಇಲ್ರಿ. ಹೆಸರು ಕೇಳಿದ್ಲು."

"ಹೆಸರು ಹೇಳಿ ಬಂದೇನು?" ಶಂಕ್ರೆಪ್ಪ ಊಟದ ತಾಟು ಬದಿಗೆ ಸರಿಸಿದ. "ಅವತ್ತೂ ಹೆಸರೇ ಕೇಳಿದ್ರು. ಇನ್ನ ಹೋಗಬ್ಯಾಡ ಅಲ್ಲಿ."

ಅವಳು ಎದುರಾಡಲಿಲ್ಲ. ಆದರೆ ಮಾತ್ರೆ ಶುರು ಮಾಡಿದ ಮೇಲೆ ತಲೆ ಹಗುರಾಗಿತ್ತು. ಅವನು ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ದವಾಖಾನೆಗೆ ಹೋಗುತ್ತಿದ್ದಳು. ಮಾತ್ರೆ ತಂದು ತನ್ನ ಕೆಲಸದ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಕಾರ್ಡ್ ಮಾಡುವ ಶಿಬಿರ ಬರುತ್ತದೆ, ಎಲ್ಲರೂ ಆಧಾರ್ ತರಬೇಕು ಎಂದು ರಿಕ್ಷಾದಲ್ಲಿ ಕೂಗಿ ಹೋದ ಮೇಲೆ ಗಾಳಿಮಾತು ಎದ್ದಿತು. ಯಾರೋ ಹಿಂದಿಯಲ್ಲಿ ಮಾತಾಡಿದ ಒಂದು ಆಡಿಯೊ ಎಲ್ಲರ ಮೊಬೈಲಿಗೂ ಬಂತು. ಕಾರ್ಡ್ ತಗೊಂಡವರ ಜೋಪಡಿ ಲೆಕ್ಕಕ್ಕೆ ಸಿಗುತ್ತದೆ, ಅವರನ್ನೆಲ್ಲ ಎಬ್ಬಿಸಿ ಕಲ್ಯಾಣದ ಆಚೆಗೆ ಎಲ್ಲೋ ಹಾಕುತ್ತಾರೆ, ರೇಶನ್ ನಿಲ್ಲಿಸುತ್ತಾರೆ ಎಂದು ಅದರಲ್ಲಿತ್ತು. ಮಾರ್ಕೆಟ್ಟಿನಲ್ಲಿ ಟೋಳಿಯವರು ಶಂಕ್ರೆಪ್ಪನ ಸುತ್ತ ಕೂತರು.

"ಖರೇ ಏನಣ್ಣ ಇದು?" ಎಂದ ಮಹಾದೇವಪ್ಪ.

ಖರೆಯೋ ಸುಳ್ಳೋ ಶಂಕ್ರೆಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವೂ ಇರಲಿಲ್ಲ. ಅವನಿಗೆ ನೀಲಿ ನಂಬರಿನ ಬಾಗಿಲು ಬುಲ್ಡೋಜರಿನ ಹಲ್ಲಿಗೆ ಸಿಕ್ಕಿಕೊಂಡು ತೂಗಾಡಿದ್ದು ಕಣ್ಣ ಮುಂದೆ ಬಂತು.

"ಖರೇನೇ ಇದ್ದೀತು," ಎಂದ.

"ಹಿಂದಿ ನಮ್ಮ ಹೆಣ್ಮಕ್ಕಳಿಗೆ ತಿಳಿಯಂಗಿಲ್ಲ. ನೀ ಕನ್ನಡದಾಗ ಹೇಳಣ್ಣ, ಗ್ರೂಪಿಗೆ ಹಾಕ್ತೀವಿ."

ಚೀಲಗಳ ಮೇಲೆ ಕೂತಲ್ಲೇ ಅವನು ಮೊಬೈಲ್ ಬಾಯಿಗೆ ಹಿಡಿದು ಮಾತಾಡಿದ. "ನಾ ಶಂಕ್ರೆಪ್ಪ ಮುಕಾದಮ ಮಾತಾಡ್ಲಾಕತ್ತೀನಿ. ನಮ್ಮ ಮಂದಿಗೆ ಕೈ ಮುಗದು ಹೇಳ್ತೀನಿ, ಕಾರ್ಡ್ ತಗೋಬ್ಯಾಡ್ರಿ. ಹಿಂದ ಹಿಂಗೇ ಬಂದು ತಲಿ ಎಣಿಸ್ಯಾರ, ಆಮ್ಯಾಲ ಮನಿ ಕೆಡವ್ಯಾರ. ನಾ ಕಣ್ಣಾರೆ ಕಂಡೀನಿ. ಗುಳಗಿ ಕೊಟ್ಟು ಮನಿ ತಗೋತಾರ. ಯಾರೂ ಆ ದವಾಖಾನಿ ಕಡೆ ಹಣಿಕಿ ಸೈತ ಹಾಕಬ್ಯಾಡ್ರಿ."

ಆ ಮಾತು ಅವನು ಎಣಿಸಿದ್ದಕ್ಕಿಂತ ದೂರ ಹೋಯಿತು. ಘೋಡಬಂದರ್ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡಗಳ ಗೌಂಡಿ ಕೆಲಸದವರು ಕೇಳಿದರು. ಕಲ್ಯಾಣ, ಡೊಂಬಿವಲಿಯ ಗ್ರೂಪುಗಳಿಗೆ ಹೋಯಿತು. ಅಂಥದೇ ದವಾಖಾನೆ ಬಂದಲ್ಲೆಲ್ಲ ಕನ್ನಡದ ಜನ ಬಾಗಿಲ ತನಕ ಬಂದು ಹಿಂದಿರುಗತೊಡಗಿದರು. ಕೊರಿಯರ್ ಕೆಲಸ ಮಾಡುವ ಭೀಮು ಒಂದು ಸಂಜೆ ನಗುತ್ತ ಬಂದು, "ಅಪ್ಪಾ, ತುಮ್ ತೋ ವೈರಲ್ ಹೋ ಗಯೇ," ಎಂದ. ಶಂಕ್ರೆಪ್ಪನ ಮನಸ್ಸಿಗೆ ಹಿತವಾಗಿದ್ದು ನಿಜ.

ಶಿಬಿರಕ್ಕೆ ಮೊದಲು ಜನರಿಗೆ ತಿಳಿಸಿ ಹೇಳಲೆಂದು ರಮಿತಾ ಒಂದು ಭಾನುವಾರ ಸಮಾಜಮಂದಿರಕ್ಕೆ ಬಂದಳು. ಒಳಗೆ ನಿಲ್ಲಲು ಜಾಗವಿರಲಿಲ್ಲ. ಸುಲೋಚನಾ ಹೆಂಗಸರ ನಡುವೆ, ಗೋಡೆಗೆ ಒರಗಿ ಕೂತಿದ್ದಳು.

"ಈ ಕಾರ್ಡಿಗೂ ನಿಮ್ಮ ಮನೆಗೂ ಎಂತ ಸಂಬಂಧವೂ ಇಲ್ಲ," ಎಂದು ರಮಿತಾ ಶುರು ಮಾಡಿದಳು. ಅವಳ 'ಎಂತ'ಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ನಿಮಗೆ ಯಾವ ಕಾಯಿಲೆ ಇತ್ತು, ಯಾವ ಮಾತ್ರೆ ಕೊಟ್ಟಿದ್ದಾರೆ ಅಂತ ಬೇರೆ ಆಸ್ಪತ್ರೆಯವರಿಗೂ ಗೊತ್ತಾಗ್ಬೇಕಲ್ಲ, ಅದಕ್ಕೆ. ಅಷ್ಟೇ. ರೇಶನ್‌ಗೂ ಇದಕ್ಕೂ ಸಂಬಂಧ ಇಲ್ಲ."

ಶಂಕ್ರೆಪ್ಪ ಎದ್ದು ನಿಂತ. ಎಲ್ಲರೂ ಸುಮ್ಮನಾದರು.

"ಡಾಕ್ಟರ್ ಬಾಯಾರ, ನೀವು ಒಳ್ಳ್ಯಾರ ಇದ್ದೀರಿ. ನಿಮ್ಮ ಮ್ಯಾಲ ನಮಗ ಸಿಟ್ಟಿಲ್ಲ. ಒಂದೇ ಮಾತು ಕೇಳ್ತೀನಿ. ನಮ್ಮ ಮನಿ ಯಾರೂ ಕೆಡವಂಗಿಲ್ಲ ಅಂತ ಇಲ್ಲಿ ನಿಂತು ಹೇಳ್ತೀರೇನು?"

ರಮಿತಾ ಹೌದು ಎಂದು ಬಿಡಬಹುದಿತ್ತು.

"ಅದು ನನ್ನ ಕೈಯಲ್ಲಿ ಇಲ್ಲ," ಎಂದಳು. "ಮನೆ ವಿಷಯ ನಾನು ಹೇಗೆ ಹೇಳ್ಲಿ? ನಾನು ಡಾಕ್ಟರ್."

ಶಂಕ್ರೆಪ್ಪ ಜನರ ಕಡೆ ತಿರುಗಿದ. "ಕೇಳಿದ್ರಲ್ಲ?" ಎಂದ.

ಆಮೇಲೆ ರಮಿತಾ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಜನ ಏಳುತ್ತಿದ್ದಾಗ ಅವಳ ಕಣ್ಣು ಗೋಡೆಯ ಬಳಿ ಕೂತ ಸುಲೋಚನಾಳ ಮೇಲೆ ಬಿತ್ತು. ಸುಲೋಚನಾ ತಲೆಯ ಮೇಲಿನ ಸೆರಗು ಮುಂದಕ್ಕೆ ಎಳೆದುಕೊಂಡು ನೆಲ ನೋಡಿದಳು. ಇವಳ ಮಾತ್ರೆಯಿಂದ ನನಗೆ ಗುಣವಾಗಿದೆ ಎಂದು ಎದ್ದು ಹೇಳುವುದು ಅವಳಿಂದ ಆಗಲಿಲ್ಲ. ಗಂಡ ಅಷ್ಟು ಮಂದಿಯ ಮುಂದೆ ನಿಂತಿದ್ದ.

ಶಿಬಿರಕ್ಕೆ ಯಾರೂ ಹೋಗಲಿಲ್ಲ. ಮೊಮ್ಮಕ್ಕಳಿಗೆ ಸೂಜಿ ಹಾಕಿಸಲು ಹೋಗುತ್ತಿದ್ದ ಮುದುಕಿಯರೂ ಆಮೇಲೆ ಹೋಗುವುದನ್ನು ಬಿಟ್ಟರು. ಒಂದು ಬೆಳಿಗ್ಗೆ ಕ್ಯಾಬಿನ್ನಿನ ಕಿಟಕಿಯ ಗಾಜು ಒಡೆದಿತ್ತು. ನಮಗೆ ಇದು ಬೇಡ ಎಂದು ವಸ್ತಿಯವರೇ ವಾರ್ಡ್ ಕಚೇರಿಗೆ ಬರೆದು ಕೊಟ್ಟರು. ಕೊನೆಗೆ ಅದನ್ನು ನೆರೂಳದ ಕಡೆಗೆ ಒಯ್ಯುವುದೆಂದು ತೀರ್ಮಾನವಾಯಿತು. ಹೊರಡುವ ಮುನ್ನ ರಮಿತಾ, ಕೆಲಸದಿಂದ ಬರುತ್ತಿದ್ದ ಸುಲೋಚನಾಳನ್ನು ದಾರಿಯಲ್ಲಿ ನಿಲ್ಲಿಸಿ, ತನ್ನಲ್ಲಿ ಉಳಿದಿದ್ದ ಮಾತ್ರೆಗಳ ಬೆಳ್ಳಿಕಾಗದದ ಪಟ್ಟಿಗಳನ್ನು ಕೈಗೆ ತುರುಕಿದಳು.

"ಇದು ಮುಗಿಯುವ ಮೊದಲು ವಾಶಿ ಆಸ್ಪತ್ರೆಗೆ ಹೋಗ್ಬೇಕು ನೀವು. ಹೋಗ್ತೀರಲ್ಲ?"

ಸುಲೋಚನಾ ತಲೆ ಆಡಿಸಿದಳು.

ಕ್ರೇನ್ ಬಂದು ಕ್ಯಾಬಿನ್ ಎತ್ತಿಕೊಂಡು ಹೋದ ದಿನ ವಸ್ತಿಯಲ್ಲಿ ಹಬ್ಬದ ಕಳೆ ಇತ್ತು. ಮಹಾದೇವಪ್ಪ ಪೇಡೆ ತಂದು ಶಂಕ್ರೆಪ್ಪನ ಬಾಯಿಗೆ ಹಾಕಿದ. ಹುಡುಗರು ಅವನನ್ನು ಹೆಗಲ ಮೇಲೆ ಎತ್ತಲು ನೋಡಿದರು. ಅವನು ಸಂಕೋಚದಿಂದ ಬೇಡವೆಂದ.

ಮಾತ್ರೆ ಮುಗಿದ ಮೇಲೂ ಸುಲೋಚನಾಳಿಗೆ ಕೂಡಲೇ ಏನೂ ಆಗಲಿಲ್ಲ. ರೋಗ ಹೋಗಿರಬಹುದು ಎಂದುಕೊಂಡಳು. ವಾಶಿಗೆ ಹೋಗಬೇಕೆಂದರೆ ರಜೆ ಕೇಳಬೇಕು, ಗಂಡನಿಗೆ ಕಾರಣ ಹೇಳಬೇಕು. ಖಾಲಿ ಪಟ್ಟಿಗಳನ್ನು ಪರ್ಸಿನಲ್ಲೇ ಇಟ್ಟುಕೊಂಡಳು, ಯಾವಾಗಲಾದರೂ ಮೆಡಿಕಲ್ ಅಂಗಡಿಯಲ್ಲಿ ತೋರಿಸಿದರಾಯಿತೆಂದು. ತಲೆನೋವು ತಿರುಗಿ ಬಂದಾಗ ಒಮ್ಮೆ ಕೇಳಿದಳು:

"ವಾಶಿಗೆ ಒಂದ್ಸಲ ಹೋಗಿ ಬರೋಣೇನ್ರಿ? ತಲಿ ಭಾಳ ನೋಯ್ಲಾಕತ್ತದ."

"ಬಿಸಲಾಗ ತಿರಗ್ತಿ, ಅದಕ್ಕ," ಎಂದ ಶಂಕ್ರೆಪ್ಪ. "ವಾಶ್ಯಾಗೂ ಈಗ ಅದೇ ಕಾರ್ಡ್ ಕೇಳ್ತಾರಂತ. ಮೆಡಿಕಲ್‌ದಾಗ ಒಂದು ಗುಳಗಿ ತಗೊಂಡು ಮಕ್ಕೊ."

ಅವಳು ನೋವಿನ ಗುಳಿಗೆ ನುಂಗಿ ಮಲಗಿದಳು.

ಒಂದು ದಿನ ಕಂಪನಿಯ ಪ್ಯಾಂಟ್ರಿಯಲ್ಲಿ ಚಹಾದ ಕಪ್ಪು ತೊಳೆಯುವಾಗ ಅವಳ ಬಲಗೈಯಿಂದ ಕಪ್ಪು ಜಾರಿತು. ಬಗ್ಗಿ ಚೂರು ಆರಿಸಲು ಹೋದವಳು ಹಾಗೇ ಪಕ್ಕಕ್ಕೆ ಬಿದ್ದಳು. ಜೊತೆಯವಳು ಮಾತಾಡಿಸಿದರೆ ಬಾಯಿಂದ ಶಬ್ದ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಶಂಕ್ರೆಪ್ಪ ವಾಶಿಯ ಆಸ್ಪತ್ರೆಗೆ ಓಡಿ ಬಂದಾಗ ಅವನ ಹೆಗಲ ಮೇಲೆ ಇನ್ನೂ ಉಳ್ಳಾಗಡ್ಡಿಯ ಸಿಪ್ಪೆ ಇತ್ತು.

"ಬಿಪಿ ಕೀ ಗೋಲೀ ಕಬ್ ಸೇ ಬಂದ್ ಕೀ?" ಎಂದು ಅಲ್ಲಿಯ ಡಾಕ್ಟರು, ಗುಳಿಗೆ ನಿಲ್ಲಿಸಿ ಎಷ್ಟು ದಿನವಾಯಿತೆಂದು ಕೇಳಿದರು.

"ಯಾವ ಗೋಲಿ ಸಾಹೇಬ್? ಅವಳು ಯಾವ ಗೋಲಿಯನ್ನೂ ತೆಗೆದುಕೊಳ್ಳುವುದಿಲ್ಲ," ಎಂದು ಶಂಕ್ರೆಪ್ಪ ತನ್ನ ಹಿಂದಿಯಲ್ಲಿ ಹೇಳಿದ.

ನರ್ಸು ಸುಲೋಚನಾಳ ಪರ್ಸಿನಲ್ಲಿ ಮೊದಲೇ ಸಿಕ್ಕಿದ್ದ ಖಾಲಿ ಪಟ್ಟಿಗಳನ್ನು ಅವನ ಕೈಗೆ ಕೊಟ್ಟಳು. ಡಾಕ್ಟರು ವಿವರಿಸಿದರು. ಗುಳಿಗೆ ಇದ್ದಷ್ಟು ದಿನ ರಕ್ತದ ಒತ್ತಡ ಹಿಡಿತದಲ್ಲಿತ್ತು. ನಿಲ್ಲಿಸಿದ್ದಕ್ಕೆ ಮೆದುಳಿನ ರಕ್ತನಾಳ ಒಡೆದಿದೆ. ಇಂಥ ಗುಳಿಗೆ ಮನೆ ಹತ್ತಿರವೇ ಸಿಗಲಿ ಎಂದೇ ವಸ್ತಿಗಳಲ್ಲಿ ದವಾಖಾನೆ ಮಾಡಿದ್ದಾರಲ್ಲ, ನಿಮ್ಮಲ್ಲಿ ಇಲ್ಲವೇ?

ಶಂಕ್ರೆಪ್ಪ ಆ ಪಟ್ಟಿಗಳನ್ನೇ ನೋಡುತ್ತಿದ್ದ. ಅವಳು ತನ್ನ ಕಣ್ಣು ತಪ್ಪಿಸಿ ಅಲ್ಲಿಗೆ ಹೋಗಿದ್ದಳು. ತಾನು ದವಾಖಾನೆಯನ್ನು ಎಬ್ಬಿಸಿ ಕಳಿಸಿದ ದಿನ ಪೇಡೆ ತಿಂದು ಮನೆಗೆ ಬಂದಾಗ ಅವಳೇ ನೀರು ಕೊಟ್ಟಿದ್ದಳು. ಒಂದು ಮಾತೂ ಆಡಿರಲಿಲ್ಲ.

ಅದೇ ದಿನ ಆಸ್ಪತ್ರೆಯ ಕಿಟಕಿಯಲ್ಲಿ ಹೆಲ್ತ್ ಕಾರ್ಡ್ ಮಾಡಿಸಿದ. ಹೆಬ್ಬೆರಳು ಒತ್ತು ಎಂದಲ್ಲಿ ಒತ್ತಿದ.

ಸುಲೋಚನಾಳನ್ನು ಮನೆಗೆ ತಂದಾಗ ಮೇಲಿನ ಮನೆಯ ತನಕ ರಿಕ್ಷಾ ಹೋಗುವಂತಿರಲಿಲ್ಲ. ಮಹಾದೇವಪ್ಪ ಅವಳನ್ನು ಬೆನ್ನ ಮೇಲೆ ಹೊತ್ತು, ಕಲ್ಲು ಮೆಟ್ಟಿಲು ಹತ್ತಿ ತಂದು ಮಲಗಿಸಿದ. ಅವನ ಹೆಂಡತಿ ದ್ರೌಪದಿ ಗಂಜಿ ಮಾಡಿ ತಂದಳು. ಓಣಿಯ ಹೆಂಗಸರು ಬಂದು ಕೂತರು. ಖಾಲಿ ಪಟ್ಟಿಯ ಸುದ್ದಿ ಅವರಿಗೆ ಹೇಗೋ ತಲುಪಿತ್ತು.

"ಆ ದವಾಖಾನಿ ಗುಳಗಿ ತಿಂತಿದ್ಲಂತ," ಎಂದಳು ಒಬ್ಬಳು.

"ಅದಕ್ಕೇ ಹಿಂಗಾತು. ಶಂಕ್ರೆಪ್ಪಣ್ಣ ಮೊದಲೇ ಹೇಳಿದ್ದ. ಕೇಳಲಿಲ್ಲ ನೋಡು, ಪಾಪ."

ಶಂಕ್ರೆಪ್ಪ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದ. "ಹಂಗಲ್ಲವ್ವ," ಎಂದ. "ಗುಳಗಿ ತಿಂದಿದ್ದಕ್ಕಲ್ಲ. ಬಿಟ್ಟಿದ್ದಕ್ಕ ಆಗ್ಯದ. ನಾ ಆ ದವಾಖಾನಿ ತೆಗಸಿದ್ದಕ್ಕ ಆಗ್ಯದ."

ಅವರು ಮರುಕದಿಂದ ಅವನನ್ನು ನೋಡಿದರು. ಮಹಾದೇವಪ್ಪ ಅವನ ಭುಜದ ಮೇಲೆ ಕೈಯಿಟ್ಟು, "ದುಃಖದಾಗ ಹಂಗ ಅನಸ್ತದಣ್ಣ. ನಿಂದೇನೂ ತಪ್ಪಿಲ್ಲ. ನಿನ್ನಿಂದ ನಾವು ಉಳದೀವಿ," ಎಂದ.

ಶಂಕ್ರೆಪ್ಪ ನೆರೂಳಕ್ಕೆ ಹೋಗಿ ಆ ಬಿಳಿ ಕ್ಯಾಬಿನ್ ಹುಡುಕಿದ. ಹೊರಗೆ ಸಾಲು ಇತ್ತು. ಸಾಲಿನಲ್ಲಿ ನಿಂತೇ ಒಳಗೆ ಹೋದ.

"ನಾ ಶಂಕ್ರೆಪ್ಪರಿ."

"ಗೊತ್ತು. ಕೂತ್ಕೊಳ್ಳಿ," ಎಂದಳು ರಮಿತಾ.

ಅವನು ಹೇಳಿದ. ರಮಿತಾ ಮೊದಲು ಡಾಕ್ಟರಂತೆಯೇ ಕೇಳಿದಳು. ಯಾವ ಕಡೆ, ಬಲಗಡೆಯಾ, ನುಂಗ್ಲಿಕ್ಕೆ ಆಗ್ತದಾ, ಮಾತು ಬಂತಾ. ಮಾತು ಬಂದಿಲ್ಲ ಎಂದ.

"ಅವರಿಗೆ ನಾನು ಎಷ್ಟು ಸಲ ಹೇಳಿದ್ದೆ," ಎಂದವಳು, ಅಂದದ್ದಕ್ಕೆ ತಾನೇ ನೊಂದವಳಂತೆ ಸುಮ್ಮನಾದಳು.

"ವಾಪಸ್ ಬರ್ರಿ ಬಾಯಾರ. ಅಲ್ಲಿ ಇನ್ನೂ ಎಷ್ಟು ಮಂದಿಗಿ ಹಿಂಗ ಅದನೊ ಏನೊ. ನಮ್ಮ ದ್ರೌಪದಿ ಕಾಲು ಬಾತಾವ."

"ನಾನು ಬರ್ತೇನೆ. ನನಗೆ ಎಂತ ತೊಂದರೆ ಇಲ್ಲ. ಆದ್ರೆ ಜನರೇ ಬೇಡ ಅಂದದ್ದಲ್ವಾ? ಅವರೇ ಬೇಕು ಅಂತ ಹೇಳ್ಬೇಕು. ನೀವು ಹೇಳಿದ್ರೆ ಕೇಳ್ತಾರೆ."

ಅದರಲ್ಲಿ ಚುಚ್ಚುಮಾತಿರಲಿಲ್ಲ. ಇದ್ದಿದ್ದರೆ ಶಂಕ್ರೆಪ್ಪನಿಗೆ ಅಷ್ಟು ನೋಯುತ್ತಿರಲಿಲ್ಲ.

ಮನೆಗೆ ಬಂದು, ಸುಲೋಚನಾಳ ಹಾಸಿಗೆಯ ಪಕ್ಕದಲ್ಲೇ ಕೂತು ಮತ್ತೆ ಮೊಬೈಲ್ ಬಾಯಿಗೆ ಹಿಡಿದ. "ನಾ ಶಂಕ್ರೆಪ್ಪ. ಹಿಂದ ನಾ ಹೇಳಿದ್ದು ತಪ್ಪು. ನನಗ ಗೊತ್ತಿರಲಾರದೆ ಹೇಳೀನಿ. ನನ್ನ ಹೆಣ್ತಿ ಗುಳಗಿ ಬಿಟ್ಟು ಈಗ ಹಾಸಿಗಿ ಹಿಡದಾಳ. ದವಾಖಾನಿಗಿ ಹೋಗ್ರಿ. ಕಾರ್ಡ್ ಮಾಡಸ್ರಿ. ನಾನೂ ಮಾಡಸೀನಿ." ಹೇಳುವಾಗ ದನಿ ಸಣ್ಣಗಾಗಿ, ನಡುವೆ ಒಡೆಯಿತು. ಮತ್ತೆ ಮೊದಲಿನಿಂದ ಹೇಳಿದ. ಎರಡನೇ ಸಲವೂ ಹಾಗೇ ಆಯಿತು. ಅದನ್ನೇ ಕಳಿಸು ಎಂದು ಭೀಮುವಿಗೆ ಕೊಟ್ಟ.

ಮರುದಿನ ಭೀಮು ಮೊಬೈಲ್ ನೋಡುತ್ತ ಕೂತಿದ್ದ. ಏನೆಂದು ತಂದೆ ಕೇಳಿದ.

"ಸಬ್ ಬೋಲ್ ರಹೇ ಹೈಂ ಏಐ ಹೈ ಅಂತ. ಕಂಪ್ಯೂಟರಿನಿಂದ ನಿಮ್ಮ ಆವಾಜ್ ಮಾಡ್ಯಾರ ಅಂತ. ಅಸಲೀ ಶಂಕ್ರೆಪ್ಪನ ಆವಾಜ್ ಭಾರೀ ಅದ, ಇದು ಅವ್ರದಲ್ಲ ಅಂತ."

"ನಾನೇ ಹೇಳಿದ್ದಲ್ಲೊ."

"ಮೈಂ ಭೀ ಅದೇ ಹೇಳಿದೆ, ಅಪ್ಪಾ. ಅದಕ್ಕ ನನ್ನನ್ನೇ ಗ್ರೂಪಿನಿಂದ ತೆಗದು ಹಾಕಿದ್ರು."

ಹಳೆಯ ಆಡಿಯೊವನ್ನು ಯಾರೋ 'ಇದೇ ಅಸಲಿ' ಎಂದು ಬರೆದು ಮತ್ತೆ ಎಲ್ಲ ಕಡೆ ಕಳಿಸಿದ್ದರು. ಅದು ಮೊದಲಿಗಿಂತ ಜೋರಾಗಿ ಓಡುತ್ತಿತ್ತು.

ವಸ್ತಿಯವರು ಮಾತ್ರ ಅದು ಕಂಪ್ಯೂಟರ್ ಎನ್ನುವಂತಿರಲಿಲ್ಲ. ಶಂಕ್ರೆಪ್ಪ ಮನೆಮನೆಗೆ ಹೋಗಿ ಕರೆದ. ಸಮಾಜಮಂದಿರಕ್ಕೆ ಬಂದವರು ಕೆಲವರೇ. ಅವನು ಎಲ್ಲವನ್ನೂ ಹೇಳಿದ. ಬಚ್ಚಿಟ್ಟ ಪಟ್ಟಿ, ಡಾಕ್ಟರು ಅಂದದ್ದು, ತಾನು ವಿಚಾರಿಸದೆ ಮಾತಾಡಿದ್ದು. ಹೇಳಿ ಮುಗಿಸಿದಾಗ ಮಹಾದೇವಪ್ಪ ನಿಧಾನವಾಗಿ ಕೇಳಿದ:

"ಅಣ್ಣ, ನೀ ಕಾರ್ಡ್ ಮಾಡಸಿಯಲ್ಲ. ಸುಲೋಚನಾ ವೈನಿಗೆ ಪುಕ್ಕಟ ಇಲಾಜ ನಡದದ. ಹೌದಿಲ್ಲೊ?"

"ಹೌದು. ಎಲ್ಲಾರಿಗೂ ಕೊಡ್ತಾರ."

"ನಿನಗ ಸಂಕಟ ಬಂದದ, ಮಾಡಸಿ. ಅದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಅವರು ನಿನ್ನ ಬಾಯಿಲೆ ನಮಗ ಹೇಳಸ್ಲಾಕತ್ತಾರ, ಅದು ನಿನಗ ತಿಳಿವಲ್ದು. ನಮ್ಮ ಮನಿ ಕೆಡವಂಗಿಲ್ಲ ಅಂತ ನೀ ಹೇಳ್ತೇನು?"

ಶಂಕ್ರೆಪ್ಪ ಅವನ ಮುಖ ನೋಡಿದ. ಹೌದು ಎನ್ನಲು ಬಾಯಿ ಬರಲಿಲ್ಲ. ಇವತ್ತಲ್ಲ ನಾಳೆ, ಕಾರ್ಡ್ ಇದ್ದರೂ ಇಲ್ಲದಿದ್ದರೂ, ಯಾರಾದರೂ ಬಂದು ಕೆಡವಬಹುದು ಎಂದು ಅವನಿಗೂ ಗೊತ್ತಿತ್ತು.

"ಅದು ಬ್ಯಾರೆ, ಇದು ಬ್ಯಾರೆ," ಎಂದಷ್ಟೇ ಅಂದ.

ಜನ ಎದ್ದು ಹೋದರು. ಯಾರೂ ಜಗಳ ಮಾಡಲಿಲ್ಲ. ಹೊರಗೆ ದ್ರೌಪದಿ ನೀರಿನ ಕೊಡ ಇಳಿಸಿ ಕೂತು ದಣಿವಾರಿಸಿಕೊಳ್ಳುತ್ತಿದ್ದಳು. ಪಾದಗಳು ಬಾತು, ಚಪ್ಪಲಿಯ ಬಾರು ಒತ್ತಿದ ಗುರುತು ಮೂಡಿತ್ತು.

"ತಂಗಿ, ನೀನರ ನನ್ನ ಮಾತ ಕೇಳು. ನನ ಸಂಗಟ ವಾಶಿಗೆ ಬಾ, ಬಿಪಿ ಒಂದ ನೋಡಸು."

ಅವಳು ನಕ್ಕಳು. "ಬ್ಯಾಡೊ ಯಣ್ಣ. ಅಕ್ಕಗ ಆದಂಗ ನನಗೂ ಆಗ್ಲೇನು?"

ಮಾರ್ಕೆಟ್ಟಿನಲ್ಲೂ ಟೋಳಿಯವರು ಅವನ ಸುತ್ತ ಕೂರುವುದು ಕಡಿಮೆಯಾಯಿತು. ಊಟದ ಬುತ್ತಿ ಬಿಚ್ಚುವಾಗ ಅವನು ಬಂದರೆ ಮಾತು ಬೇರೆ ಕಡೆ ತಿರುಗುತ್ತಿತ್ತು. ಸುಲೋಚನಾಳನ್ನು ನೋಡಿಕೊಳ್ಳಬೇಕಾದ್ದರಿಂದ ಅವನು ಆಗಾಗ ಕೆಲಸ ತಪ್ಪಿಸುತ್ತಿದ್ದ. ಕೆಲ ದಿನಗಳಲ್ಲಿ ಮಹಾದೇವಪ್ಪನೇ ಮುಕಾದಮನಾದ. ಅದನ್ನು ಹೇಳಲು ಮನೆಗೆ ಬಂದಾಗ ಸುಲೋಚನಾಳಿಗೆಂದು ದಾಳಿಂಬೆ ತಂದಿದ್ದ.

ಕೈಕಾಲಿನ ವ್ಯಾಯಾಮಕ್ಕೆ ಅವಳನ್ನು ವಾರವಾರ ವಾಶಿಗೆ ಒಯ್ಯಬೇಕಿತ್ತು. ಕೆಳಗಿನ ರಸ್ತೆ ತನಕ ಭೀಮು ಹೊತ್ತು ತರುತ್ತಿದ್ದ, ಆಮೇಲೆ ರಿಕ್ಷಾ. ಒಂದು ದಿನ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ, ಕಾಲಿಗೆ ದಪ್ಪ ಪಟ್ಟಿ ಸುತ್ತಿದ್ದ ಒಬ್ಬ ಹೆಂಗಸು ಅವರ ಪಕ್ಕ ಕೂತಿದ್ದಳು. ಹೆಸರು ಶರಣಬಸಮ್ಮ, ಊರು ಜೇವರ್ಗಿ ಕಡೆ. ಕಲ್ಯಾಣದಿಂದ ಬಂದಿದ್ದಳು. ಸಕ್ಕರೆ ಕಾಯಿಲೆ, ಹುಣ್ಣು ಮಾಗದೆ ಎರಡು ಬೆರಳು ತೆಗೆದಿದ್ದರು.

"ನಿಮ್ಮ ಕಡೆ ದವಾಖಾನಿ ಇರಲಿಲ್ಲೇನವ್ವ?" ಎಂದ ಶಂಕ್ರೆಪ್ಪ.

"ಇತ್ತಪ್ಪ, ಮನಿ ಮುಂದೇ ಇತ್ತು. ಹೋಗಲಿಲ್ಲ. ಮನಿ ತಗೋತಾರಂತ ಹೇಳಿದ್ರು. ನಮ್ಮ ಕಡೆಯಾವನೇ ಒಬ್ಬ ದೊಡ್ಡ ಮನಷ್ಯಾ ಮೊಬೈಲ್‌ದಾಗ ಹೇಳ್ಯಾನ. ಕೈ ಮುಗದು ಹೇಳ್ಯಾನ, ಪಾಪ."

ಶಂಕ್ರೆಪ್ಪ ಅವಳ ಕಡೆ ತಿರುಗಿದ. "ಅವ ನಾನೇವ್ವ," ಎಂದ.

ಶರಣಬಸಮ್ಮ ಅವನನ್ನು ದಿಟ್ಟಿಸಿದಳು. ಪಕ್ಕದಲ್ಲಿ ಒಂದು ಕಡೆಗೆ ವಾಲಿ ಕೂತ ಸುಲೋಚನಾಳನ್ನು ನೋಡಿದಳು. ನಂಬಿದಳು ಎಂದು ಶಂಕ್ರೆಪ್ಪನಿಗೆ ಅನಿಸಿತು. ಬೈಯಲಿ ಎಂದು ಕಾದ.

"ಹೌದೇನು?" ಎಂದಳು ಅವಳು ಕೊನೆಗೆ. "ಮತ್ತ ನೀ ಯಾಕ ಇಲ್ಲಿಗೆ ಬಂದಿ?"

"ಅದು ತಪ್ಪಿತ್ತವ್ವ. ನಾ ಹೇಳಿದ್ದು ತಪ್ಪು."

"ಆವಾಗ ಸುಳ್ಳ ಹೇಳಿದ್ಯೊ, ಈಗ ಹೇಳ್ತಿಯೊ, ನಮಗ ಹ್ಯಾಂಗ ತಿಳೀಬೇಕಪ್ಪ?" ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಒಳಗಿನಿಂದ ಹೆಸರು ಕರೆದರು. ಕೋಲು ಊರಿಕೊಂಡು ಎದ್ದು ಹೋದಳು.

ಆ ಮಧ್ಯಾಹ್ನ ಮನೆಗೆ ಬಂದು ಶಂಕ್ರೆಪ್ಪ ಹೆಂಡತಿಯನ್ನು ದಿಂಬಿಗೆ ಒರಗಿಸಿ ಕೂರಿಸಿದ. ವ್ಯಾಯಾಮ ಮಾಡಿಸುವವರು ಅವಳೊಂದಿಗೆ ಮಾತಾಡುತ್ತಿರಿ ಎಂದಿದ್ದರು. ಅವಳಿಗೆ ತಿರುಗಿ ಬಂದ ಮಾತು ಒಂದೇ, 'ಹೂಂ'. ಹಸಿವಾದರೂ ಹೂಂ, ಸಾಕಾದರೂ ಹೂಂ. ಡಾಕ್ಟರು ಹೇಳಿದ್ದರು, ಅವಳಿಗೆ ಅನ್ನಬೇಕಾದ್ದು ಬೇರೆಯೇ ಇರಬಹುದು, ನಾಲಿಗೆಗೆ ಸಿಗುವುದು ಅದೊಂದೇ.

ತಗಡಿನ ಮೇಲೆ ಬಿಸಿಲು ಕಾದು ಒಳಗೆಲ್ಲ ಝಳ ತುಂಬಿತ್ತು. ಅವನು ಅವಳ ಮುಖ ಒರೆಸಿದ. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದ.

"ಸುಲೂ, ನನ್ನ ಮ್ಯಾಲ ಸಿಟ್ಟದ ಏನು?"

"ಹೂಂ," ಎಂದಳು.

"ಭಾಳ ಅದ ಏನು?"

"ಹೂಂ."

ಅವನು ಅವಳ ಕಣ್ಣು ನೋಡಿದ. ಕಣ್ಣು ಅವನ ಮೇಲೆಯೇ ಇತ್ತು. ಅದರಲ್ಲಿ ಏನಿದೆ ಎಂದು ಅವನಿಗೆ ಓದಲಾಗಲಿಲ್ಲ.

"ಇಲ್ಲಂದ್ರ, ಸಿಟ್ಟಿಲ್ಲೇನು?"

"ಹೂಂ."

ಅವನು ನೀರಿನ ಲೋಟ ಹತ್ತಿರ ಎಳೆದುಕೊಂಡ.

"ನೀರು ಕುಡಿತಿ?"

"ಹೂಂ," ಎಂದಳು ಸುಲೋಚನಾ. ಅವನು ಚಮಚದಿಂದ ನೀರು ಹಾಕಿದ. ಅರ್ಧ ಒಳಗೆ ಹೋಯಿತು. ಅರ್ಧ ಬಾಯಿಯ ಬಲಗಡೆಯಿಂದ ಇಳಿದು ಕುಪ್ಪಸದ ಮೇಲೆ ಬಿತ್ತು. ಅವನು ಇನ್ನೊಂದು ಚಮಚ ತುಂಬಿದ.